ಮಧ್ಯಾಹ್ನ ಊರಿದ ಬೆಳ್ಳುಳ್ಳಿ

ನಾನು ಕ್ಷೇತ್ರ ಸಹಾಯಕನಾಗಿ ಕೆಲಸಕ್ಕೆ ಸೇರಿದಾಗ ಬೆಳ್ಳುಳ್ಳಿ ಎಸಳಿಗೆ ತಲೆ ಯಾವುದು, ಬುಡ ಯಾವುದು ಎಂಬುದೂ ನನಗೆ ಗೊತ್ತಿರಲಿಲ್ಲ. ಹೈಸ್ಕೂಲು ಮುಗಿಸಿದ್ದೆ, ಅಪ್ಪನ ಗದ್ದೆಯಲ್ಲಿ ಭತ್ತ, ಕಬ್ಬು ನೋಡಿದ್ದೆ. ಬೆಳ್ಳುಳ್ಳಿ ನಮಗೆ ಸಂತೆಯಿಂದ ಬರುವ ಪದಾರ್ಥವೇ ಹೊರತು ಹೊಲದಿಂದ ಬರುವುದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಅದನ್ನು ಬೆಳೆಯುವವರು ಆಗಲೂ ಕಡಿಮೆ, ಈಗಲೂ ಕಡಿಮೆ. ನಾಲೆ ನೀರಿನ ಈ ಭೂಮಿಯಲ್ಲಿ ಚಳಿಗಾಲಕ್ಕೆ ಇನ್ನೇನು ಹೊಂದೀತು ಎಂದು ನೋಡಲು ನಮ್ಮ ಫಾರಂನಲ್ಲಿ ಹಲವು ಬೆಳೆಗಳ ಪ್ರಯೋಗ ನಡೆಯುತ್ತಿತ್ತು. ಬೆಳ್ಳುಳ್ಳಿ ಅದರಲ್ಲಿ ಒಂದು. ಫಾರಂನ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳಹೊರಟಿರುವ ತಪ್ಪು ಫಾರಂನದಲ್ಲ, ನನ್ನದು.

ಇಂಥ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲೆಲ್ಲಿಗೆ ವರ್ಗವಾಯಿತು ಎಂಬುದರಿಂದ ನಿಮಗೇನೂ ಪ್ರಯೋಜನವಿಲ್ಲ.

ನನಗೆ ಕೆಲಸ ಕಲಿಸಿದವರು ನಾಗರಾಜಯ್ಯ ಸಾಹೇಬರು. ತೆಳ್ಳಗಿನ ಆಳು. ಮಾತು ಕಡಿಮೆ, ಕಣ್ಣು ಚುರುಕು. ಮೊದಲ ವಾರ ನನ್ನ ಕೈಗೆ ಮೂರು ಎಸಳು ಕೊಟ್ಟು, ಒಂದನ್ನು ಚೂಪು ತುದಿ ಮೇಲಾಗಿ, ಒಂದನ್ನು ಅಡ್ಡಲಾಗಿ, ಇನ್ನೊಂದನ್ನು ತಲೆಕೆಳಗಾಗಿ ಕುಂಡದಲ್ಲಿ ಊರಿಸಿದರು. ಯಾಕೆ ಎಂದು ಹೇಳಲಿಲ್ಲ. ತಿಂಗಳುಗಳ ಮೇಲೆ ಕಿತ್ತಾಗ ನೆಟ್ಟಗೆ ಊರಿದ್ದು ದುಂಡಗೆ ಬಂದಿತ್ತು. ತಲೆಕೆಳಗಾದದ್ದು ಮಣ್ಣೊಳಗೇ ತಿರುಗಿ ಮೇಲೆ ಬರಲು ಒದ್ದಾಡಿ ಕತ್ತು ಸೊಟ್ಟ ಮಾಡಿಕೊಂಡಿತ್ತು. "ಊರುವವನು ಮರೆಯುತ್ತಾನೆ, ಗಡ್ಡೆ ಮರೆಯುವುದಿಲ್ಲ," ಎಂದರು. ಆ ಮಾತು ಬೆಳ್ಳುಳ್ಳಿಗೆ ಮಾತ್ರ ಸಂಬಂಧಿಸಿದ್ದು ಎಂದು ಆಗ ತಿಳಿದುಕೊಂಡಿದ್ದೆ.

ಅವರ ಮುಖ್ಯ ಪ್ರಯೋಗ ಇದ್ದದ್ದು ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬಿಡಬೇಕು, ಯಾವ ತಳಿಗೆ ಯಾವ ಅಂತರ ಹೊಂದುತ್ತದೆ ಎಂಬುದರ ಮೇಲೆ. ತಳಿ ಎರಡು. ಒಂದು ನಮ್ಮ ಕಡೆಯ ಸಣ್ಣ ಕೆಂಪು ಬೆಳ್ಳುಳ್ಳಿ. ಎಸಳು ಹಲವು, ಸಿಪ್ಪೆ ಬಿಗಿ, ಖಾರ ಜೋರು. ಇನ್ನೊಂದು ಉತ್ತರದ ಕಡೆಯಿಂದ ತರಿಸಿದ ಬಿಳಿ ತಳಿ. ಗಡ್ಡೆ ದಪ್ಪ, ಎಸಳು ಕಡಿಮೆ, ಸುಲಿಯಲು ಸುಲಭ. ಅಂತರ ಮೂರು: ಇಕ್ಕಟ್ಟು, ನಡು, ಅಗಲ. ಸಾಲಿನಿಂದ ಸಾಲಿಗೆ ಎಲ್ಲ ಕಡೆಯೂ ಒಂದೇ ಅಳತೆ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಪಾತಿ ಯಾಕೆ ಎಂದು ನನಗನ್ನಿಸಿತ್ತು. ಆಮೇಲೆ ಅರ್ಥವಾಯಿತು. ಮದ್ದೂರಿನ ಬಸ್ಸಿನಲ್ಲಿ ಮೂವರ ಸೀಟಿಗೆ ಐದು ಜನ ಕೂತರೆ ಬಸ್ಸಿನವನಿಗೆ ಕಾಸು ಹೆಚ್ಚು, ಕೂತವರ ಸೊಂಟಕ್ಕೆ ತೊಂದರೆ. ಬೆಳ್ಳುಳ್ಳಿಯೂ ಹಾಗೆಯೇ. ಇಕ್ಕಟ್ಟಾಗಿ ಊರಿದರೆ ಪಾತಿಯ ಒಟ್ಟು ತೂಕ ಹೆಚ್ಚು, ಆದರೆ ಗಡ್ಡೆಗಳು ಗೋಲಿಯಷ್ಟು. ಸಂತೆಯಲ್ಲಿ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಅಗಲ ಬಿಟ್ಟರೆ ಗಡ್ಡೆ ಚೆಂದ, ಎಸಳು ದಪ್ಪ, ಆದರೆ ಗಿಡ ಕಡಿಮೆಯಾದದ್ದರಿಂದ ಒಟ್ಟು ತೂಕ ಬೀಳುತ್ತದೆ. ನಡುವೆ ಎಲ್ಲೋ ರೈತನಿಗೆ ಎರಡೂ ಸಿಗುವ ಜಾಗವಿದೆ. ಅದು ಎರಡೂ ತಳಿಗೆ ಒಂದೇ ಅಲ್ಲ. ಆ ಜಾಗವನ್ನು ಹುಡುಕುವುದೇ ಪ್ರಯೋಗ. ಒಂದು ಬೆರಳು ಹೆಚ್ಚುಕಡಿಮೆಯಾದರೂ ಉತ್ತರ ಬೇರೆಯಾಗುತ್ತದೆ.

ನಾನು ಮಾಡಿದ ಮೊದಲ ತಪ್ಪು ಸಣ್ಣದು. ಬಿಳಿ ತಳಿಯ ಒಂದು ಪಾತಿ ನೋಡಲು ಚೆನ್ನಾಗಿತ್ತು, ಅದೇ ಗೆಲ್ಲಲಿ ಎಂದು ಆಸೆಯಾಗಿ ಒಂದು ಬುಟ್ಟಿ ಗೊಬ್ಬರ ಹೆಚ್ಚಿಗೆ ಹಾಕಿದೆ. ಸಾಹೇಬರು ಎಲೆಯ ಬಣ್ಣ ನೋಡಿಯೇ ಹಿಡಿದರು. "ಪ್ರಯೋಗದ ಪಾತಿ ನಿನ್ನ ಮಗು ಅಲ್ಲ ಪುಟ್ಟಸ್ವಾಮಿ, ಸಾಕ್ಷಿ. ಸಾಕ್ಷಿಗೆ ತಿಂಡಿ ತಿನ್ನಿಸಬಾರದು," ಎಂದು ಆ ಪಾತಿಯನ್ನೇ ಲೆಕ್ಕದಿಂದ ಬಿಟ್ಟರು. ತಪ್ಪು ಒಪ್ಪಿಕೊಂಡೆ, ಬೈಸಿಕೊಂಡೆ, ಅಲ್ಲಿಗೆ ಮುಗಿಯಿತು. ಒಪ್ಪಿಕೊಂಡರೆ ಎಷ್ಟು ಬೇಗ ಮುಗಿಯುತ್ತದೆ ಎಂಬ ಪಾಠ ಅಂದೇ ಸಿಕ್ಕಿತ್ತು. ನಾನು ಕಲಿಯಲಿಲ್ಲ.

ಊರುವ ಕೆಲಸ ಹೆಂಗಸರದು. ಮಳವಳ್ಳಿ ರಸ್ತೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಚಿಕ್ಕತಾಯಮ್ಮ ಆ ಗುಂಪಿಗೆ ಹಿರಿಯಳು. ಆಕೆಯ ಓರಗಿತ್ತಿ ಜಯಮ್ಮ, ಅಂದರೆ ಗಂಡನ ತಮ್ಮನ ಹೆಂಡತಿ, ಹೊಸದಾಗಿ ಸೇರಿದ್ದಳು. ಚಿಕ್ಕತಾಯಮ್ಮನೇ ಕರೆತಂದು, "ನನ್ ಜವಾಬ್ದಾರಿ ಕನಣ್ಣ, ನಾಟಿ ಗದ್ದೆಲಿ ನನ್ ಮಗ್ಗುಲಲ್ಲೇ ಬೆಳ್ದ ಕೈ ಇದು," ಎಂದು ಹೇಳಿ ಸೇರಿಸಿದ್ದಳು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಬುತ್ತಿಯೂ ಒಂದೇ.

ಒಂದು ಕಟಾವಿನ ದಿನ ಊಟದ ಹೊತ್ತಿಗೆ ಇಬ್ಬರೂ ಬೆಳ್ಳುಳ್ಳಿ ಜಜ್ಜಿ ಉಪ್ಸಾರಿನ ಖಾರಕ್ಕೆ ಹಾಕಿಕೊಂಡು ಕೂತಿದ್ದರು.

"ಪುಟ್ಸಾಮಣ್ಣ, ಈ ಬಿಳೀದು ನೋಡಕ್ಕೆ ಮದ್ಲಿಂಗಿತ್ತಿ ತರ ಅದೆ. ಬಾಯಿಗಾಕಂಡ್ರೆ ಬರೀ ಸಪ್ಪೆ," ಎಂದಳು ಜಯಮ್ಮ.

"ಪ್ರಯೋಗದ ಮಾಲು ತಿಂದ್ಬುಟ್ರಾ?"

"ತಿನ್ನಿಲ್ಲ ಕನಣ್ಣ, ರುಚಿ ನೋಡ್ದೊ. ಅದೂ ಪ್ರಯೋಗ ಅಲ್ವಾ?"

"ಇವ್ಳ್ನ ಸಾಯೇಬ್ರ್ ಕುರ್ಚಿಲಿ ಕೂರ್ಸು," ಎಂದು ಚಿಕ್ಕತಾಯಮ್ಮ ನಕ್ಕಳು. ನಾನೂ ನಕ್ಕೆ. ಅವರಿಬ್ಬರೂ ಒಟ್ಟಿಗೆ ನಗುವುದನ್ನು ನಾನು ನೋಡಿದ್ದು ಅಂಥ ದಿನಗಳಲ್ಲಿ ಮಾತ್ರ.

ಮುಂದಿನ ಕಾರ್ತಿಕದಲ್ಲಿ ಹೊಸ ನೂಲಿನ ಹಗ್ಗ ತಂದೆವು. ಆಗ ಅಂತರ ಅಳೆಯುತ್ತಿದ್ದದ್ದು ಹಗ್ಗದಿಂದಲೇ. ಪಾತಿಯ ಉದ್ದಕ್ಕೆ ಹಗ್ಗ ಎಳೆದು ಎರಡು ಕಡೆ ಗೂಟ ಹೊಡೆಯುವುದು, ಹಗ್ಗದಲ್ಲಿ ಗಂಟು ಇರುವ ಕಡೆ ಒಂದೊಂದು ಎಸಳು ಊರುವುದು, ಸಾಲು ಮುಗಿದ ಮೇಲೆ ಹಗ್ಗವನ್ನು ಮುಂದಿನ ಸಾಲಿಗೆ ಸರಿಸುವುದು. ಮೂರು ಅಂತರಕ್ಕೆ ಮೂರು ಹಗ್ಗ. ಗಂಟುಗಳನ್ನು ನಾನೇ ಶೆಡ್ಡಿನಲ್ಲಿ ಕೂತು ಸ್ಕೇಲು ಹಿಡಿದು ಹಾಕಿದ್ದೆ. ಅದರ ಬಗ್ಗೆ ನನಗೆ ಜಂಬವಿತ್ತು.

ಊರುವ ದಿನ ಬೆಳಿಗ್ಗೆ ಚಿಕ್ಕತಾಯಮ್ಮನೇ ಮೇಲಿನ ಪಾತಿಗಳನ್ನು ಮುಗಿಸಿದಳು. ಜಯಮ್ಮನ ಮಗಳಿಗೆ ಜ್ವರ. ಮದ್ದೂರಿನ ಆಸ್ಪತ್ರೆಗೆ ತೋರಿಸಿಕೊಂಡು ಮಧ್ಯಾಹ್ನಕ್ಕೆ ಬಂದಳು. ಬಂದವಳೇ ಕೆಳಗಿನ ಪಾತಿಗಳಿಗೆ ಕೈ ಹಾಕಿದಳು. ಚಿಕ್ಕತಾಯಮ್ಮನನ್ನು ನಾನು ಶೆಡ್ಡಿಗೆ ಎಸಳು ಬಿಡಿಸಲು ಕಳಿಸಿದೆ. ಕೆಳಗಿನ ಮಣ್ಣು ಗಟ್ಟಿಯಾಗಿತ್ತು, ಬೆರಳು ಇಳಿಯುತ್ತಿರಲಿಲ್ಲ. ಹಾಗಾಗಿ ಮೊದಲೇ ನೀರು ಹಾಯಿಸಿ ಕೆಸರು ಮಾಡಿಕೊಂಡು ಊರಲು ಹೇಳಿದೆ. ಹಗ್ಗಗಳು ಆ ಕೆಸರಿನಲ್ಲೇ ಹೊರಳಾಡಿದವು.

ನಾನು ತೂಬಿನ ಕಟ್ಟೆಯ ಮೇಲೆ ಕೂತು, ಮುಂದಿನ ಶನಿವಾರ ಎಲ್ಲರೂ ಸೇರಿ ಮುತ್ತತ್ತಿಗೆ ಹೋಗುವ ಬಗ್ಗೆ ಕಾವಲುಗಾರನ ಜೊತೆ ಮಾತಾಡುತ್ತಿದ್ದೆ. ಜಯಮ್ಮ ಪಾತಿಯಿಂದಲೇ ಕೂಗಿದಳು.

"ಅಣ್ಣಾ! ಗಂಟು ಮುಗುದೋಯ್ತು, ಪಾತಿ ಇನ್ನೂ ಉಳ್ಕಂಡದೆ. ಎಂಗ್ ಮಾಡ್ಲಿ?"

"ಉಳ್ದಿದ್ರೆ ಇನ್ನೊಂದು ಊರಮ್ಮಿ! ಜಾಗ ಯಾಕ್ ಖಾಲಿ ಬುಡ್ತೀಯ?"

"ಬೆಳಗ್ಗೆ ಅಕ್ಕನೂ ಇಂಗೇ ಮಾಡುದ್ಲಾ?"

"ಊರು ಊರು, ಹೊತ್ತಾಯ್ತದೆ."

ನಾನು ಎದ್ದು ಹೋಗಿ ನೋಡಲಿಲ್ಲ. ಹತ್ತು ಹೆಜ್ಜೆಯ ದಾರಿ. ಹಗ್ಗಕ್ಕಿಂತ ಪಾತಿ ಯಾಕೆ ಉದ್ದವಾಯಿತು ಎಂದು ಕೇಳಿಕೊಳ್ಳಬೇಕಾದವನು ನಾನು. ಕೇಳಿಕೊಳ್ಳಲಿಲ್ಲ.

ಮೊಳಕೆ ಬಂದ ಮೇಲೆ ಸಾಹೇಬರು ಗಿಡ ಎಣಿಸಲು ಕೂತರು. ಮೇಲಿನ ಪಾತಿಗಳು ಸರಿ. ಕೆಳಗಿನ ಪ್ರತಿ ಸಾಲಿನಲ್ಲೂ ಗಿಡ ಹೆಚ್ಚು. ಸ್ಕೇಲು ಇಟ್ಟು ನೋಡಿದರೆ ಗಿಡದಿಂದ ಗಿಡಕ್ಕೆ ಇರಬೇಕಾದ ಅಂತರವೇ ಇಲ್ಲ; ಅಗಲದ ಪಾತಿ ಪೂರಾ ಅಗಲವಲ್ಲ, ನಡುವಿನದು ಪೂರಾ ನಡುವಲ್ಲ. ಆ ವರ್ಷದ ಪ್ರಯೋಗ ಅಲ್ಲಿಗೆ ಕೆಟ್ಟಂತೆ. ಎಲ್ಲರನ್ನೂ ಪಾತಿಯ ಹತ್ತಿರ ಕರೆಸಿದರು. ನನಗೆ ಹಗ್ಗ ತರಲು ಹೇಳಿದರು. ಶೆಡ್ಡಿನ ಮೊಳೆಯಿಂದ ಮೂರನ್ನೂ ತಂದು ಅವರ ಮುಂದೆ ಹಿಡಿದೆ. ಒಣಗಿ ನೆಟ್ಟಗಿದ್ದವು. ಸ್ಕೇಲು ಇಟ್ಟರು. ಗಂಟುಗಳೆಲ್ಲ ಸರಿಯಾಗಿದ್ದವು.

"ಹಗ್ಗ ಸರಿಯಿದೆ. ಕೆಳಗಿನ ಪಾತಿ ಊರಿದ್ದು ಯಾರು?"

"ಜಯಮ್ಮ ಸಾರ್," ಎಂದೆ.

ಜಯಮ್ಮ ಮುಂದೆ ಬಂದಳು. "ನಾನು ಅಗ್ಗ ನೋಡ್ಕಂಡೇ ಊರುದ್ದು ಸಾ. ಕೊನೇಲಿ ಜಾಗ ಉಳ್ಕತು. ಅದ್ಕೂ ಊರು ಅಂತ ಯೋಳ್ದೋರು ಪುಟ್ಸಾಮಣ್ಣನೇ. ಬೇಕಾರೆ ಕೇಳಿ."

ಸಾಹೇಬರು ನನ್ನ ಕಡೆ ತಿರುಗಿದರು. ಗೊಬ್ಬರದ ವಿಷಯದಲ್ಲಿ ಒಮ್ಮೆ ಸಿಕ್ಕಿಬಿದ್ದಿದ್ದೆ. ಆಮೇಲೆ ಬಹಳ ಕಷ್ಟಪಟ್ಟು ಅವರ ನಂಬಿಕೆ ಗಳಿಸಿದ್ದೆ. ಈಚೆಗೆ ಅವರು ಬೇರೆಯವರ ಮುಂದೆಯೂ ನನ್ನ ಅಳತೆಯನ್ನು ಹೊಗಳುತ್ತಿದ್ದರು. ಆ ಹೊಗಳಿಕೆ ಹೋಗುತ್ತದಲ್ಲ ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು.

"ಇಲ್ಲ ಸಾರ್. ನಾನು ಹಾಗೆ ಹೇಳಿಲ್ಲ."

ಕಾವಲುಗಾರ ಅಂದು ರಜೆಯಲ್ಲಿದ್ದ. ಕೇಳಿಸಿಕೊಂಡವರು ಬೇರೆ ಯಾರೂ ಇರಲಿಲ್ಲ. ಜಯಮ್ಮ ನನ್ನ ಮುಖವನ್ನೇ ನೋಡಿದಳು. ತಿರುಗಿ ಚಿಕ್ಕತಾಯಮ್ಮನ ಕಡೆ ನೋಡಿದಳು, ಆಕೆ ಏನಾದರೂ ಹೇಳುತ್ತಾಳೆ ಎಂಬಂತೆ.

ಚಿಕ್ಕತಾಯಮ್ಮನ ಮುಖ ಕೆಂಪಾಗಿತ್ತು. "ಹಗ್ಗ ಎಳ್ಯಕ್ಕೆ ಬರ್ದಿದ್ರೆ ಬರಾಕಿಲ್ಲ ಅನ್ಬೇಕಿತ್ತು ಕಣೆ. ಮಗೀಗೆ ಜ್ವರ ಅಂತ ಮನಸ್ಸೆಲ್ಲೋ ಮಡಿಕಂಡು ಊರ್ಬುಟ್ಟು, ಈಗ ಅಣ್ಣನ್ ಮ್ಯಾಲಾಕ್ತೀಯಲ್ಲೇ. ನನ್ ಮಾನ ಕಳ್ದುಬುಟ್ಟೆ," ಎಂದಳು.

ಸಾಹೇಬರು ಕೂಗಾಡುವವರಲ್ಲ. ಊರಿದ್ದು ತಪ್ಪಾಗಿದ್ದರೆ ಇನ್ನೊಂದು ವರ್ಷ ಊರಬಹುದು, ಸುಳ್ಳು ಹೇಳುವವರನ್ನು ಪ್ರಯೋಗದ ಹೊಲದಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ ಎಂದರು. ಅವರು ಹೇಳಿದ್ದು ಸರಿ. ಹೇಳಬೇಕಾದವನನ್ನು ಬಿಟ್ಟು ಬೇರೆಯವರಿಗೆ ಹೇಳಿದರು, ಅಷ್ಟೇ. ಜಯಮ್ಮ ಅಂದೇ ಕೆಲಸ ಬಿಟ್ಟು ಹೋದಳು.

ನಾನು ಆಗ ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದು ಹೀಗೆ: ಹಗ್ಗ ಸರಿ ಇತ್ತಲ್ಲ, ಅಂದಮೇಲೆ ಅವಳೇ ಸಡಿಲ ಬಿಟ್ಟು ಎಳೆದಿರಬೇಕು, ನಾನು ಊರು ಎಂದದ್ದು ದೊಡ್ಡ ವಿಷಯವಲ್ಲ. ಕೆಲವು ದಿನ ಈ ಸಮಾಧಾನ ನಡೆಯಿತು. ಆಮೇಲೆ ಹಗ್ಗಗಳಿಗೆ ಹಿಡಿದಿದ್ದ ಕೆಸರು ತೊಳೆಯೋಣವೆಂದು ನಾಲೆಗೆ ಒಯ್ದೆ. ತೊಳೆದು ಎರಡು ಮರಗಳ ನಡುವೆ ಕಟ್ಟಲು ಹೋದರೆ, ತಂದ ಹೊಸದರಲ್ಲಿ ಎಳೆದು ಕಟ್ಟಿದ್ದ ಮರಕ್ಕೆ ಹಗ್ಗ ಮುಟ್ಟಲಿಲ್ಲ. ಎಳೆದೆ, ಮುಟ್ಟಲಿಲ್ಲ. ಜೇಬಿನ ಸ್ಕೇಲು ತೆಗೆದು ಗಂಟಿನ ಮೇಲಿಟ್ಟೆ. ಹೊಸ ನೂಲಿನ ಹಗ್ಗ ನೀರು ಕುಡಿದು ಉಬ್ಬಿ ಉದ್ದದಲ್ಲಿ ಮೋಟಾಗಿತ್ತು. ಗಂಟುಗಳು ಹತ್ತಿರಕ್ಕೆ ಸರಿದಿದ್ದವು. ಬೆಳಿಗ್ಗೆ ಒಣ ಹಗ್ಗ, ಚಿಕ್ಕತಾಯಮ್ಮನ ಪಾತಿ ಸರಿ. ಮಧ್ಯಾಹ್ನ ಒದ್ದೆ ಹಗ್ಗ, ಜಯಮ್ಮನ ಪಾತಿ ತಪ್ಪು. ಅವಳು ಗಂಟು ನೋಡಿಕೊಂಡೇ ಊರಿದ್ದಳು. ಕೆಸರು ಮಾಡಲು ಹೇಳಿದವನೂ ನಾನೇ.

ಸಾಹೇಬರ ಕಚೇರಿ ಅಲ್ಲಿಂದ ಕಾಣುತ್ತಿತ್ತು. ಕಿಟಕಿ ತೆರೆದಿತ್ತು, ಒಳಗೆ ಅವರ ತಲೆಯೂ ಕಾಣುತ್ತಿತ್ತು. ಒದ್ದೆ ಹಗ್ಗವನ್ನು ಒಯ್ದು ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು. ಆದರೆ ಹಗ್ಗದ ಸಂಗತಿ ಹೇಳಿದರೆ ಜಯಮ್ಮ ಕೂಗಿದ ಸಂಗತಿಯೂ ಬರುತ್ತದೆ, ನಾನು ಸುಳ್ಳು ಹೇಳಿದ್ದೂ ಬರುತ್ತದೆ. ಹಗ್ಗವನ್ನು ಸುರುಳಿ ಸುತ್ತಿ ಶೆಡ್ಡಿಗೆ ಹೋದೆ.

ಮುಂದಿನ ವರ್ಷ ನಾನು ಆಚಾರಿಯಿಂದ ಒಂದು ಹಲಗೆ ಮಾಡಿಸಿದೆ. ಕೆಳಗೆ ಮರದ ಹಲ್ಲುಗಳು, ಒಂದೊಂದು ಅಂತರಕ್ಕೆ ಒಂದೊಂದು ಹಲಗೆ. ಪಾತಿಯ ಮೇಲಿಟ್ಟು ಒತ್ತಿದರೆ ಗುಳಿ ಬೀಳುತ್ತವೆ, ಗುಳಿಗೊಂದು ಎಸಳು. ಒದ್ದೆಯಾದರೂ ಅಳತೆ ಕೆಡುವುದಿಲ್ಲ. ಸಾಹೇಬರಿಗೆ ಬಹಳ ಸಂತೋಷವಾಯಿತು. ಬಂದವರಿಗೆಲ್ಲ ತೋರಿಸಿ, "ನಮ್ಮ ಪುಟ್ಟಸ್ವಾಮಿಯ ಬುದ್ಧಿ," ಎನ್ನುತ್ತಿದ್ದರು. ಹಗ್ಗ ಯಾಕೆ ಬಿಟ್ಟೆ ಎಂದು ಯಾರೂ ಕೇಳಲಿಲ್ಲ. ನನ್ನ ವೃತ್ತಿಯಲ್ಲಿ ನನಗೆ ಸಿಕ್ಕ ದೊಡ್ಡ ಹೆಸರು ಆ ಹಲಗೆಯಿಂದ ಬಂದದ್ದು. ಹೊಸಬರಿಗೆ ಒಂದು ಮಾತು: ಉಪಕರಣವನ್ನು ಶೆಡ್ಡಿನಲ್ಲಿ ಅಳೆದು ನೆಮ್ಮದಿಯಾಗಬೇಡಿ. ಊರಿದ ಮೇಲೆ ನೆಲವನ್ನು ಅಳೆಯಿರಿ. ಆಳು ಏನಾದರೂ ಕೂಗಿ ಕೇಳಿದರೆ ಎದ್ದು ಹೋಗಿ ನೋಡಿ.

ಹಲಗೆ ಬಂದ ಮೇಲೆ ಪ್ರಯೋಗ ಚೆನ್ನಾಗಿ ನಡೆಯಿತು. ಕೆಂಪು ತಳಿ ಸ್ವಲ್ಪ ಇಕ್ಕಟ್ಟನ್ನು ತಾಳಿಕೊಳ್ಳುತ್ತದೆ; ಅದರ ಗಡ್ಡೆ ಹೇಗೂ ಚಿಕ್ಕದು, ನಡು ಅಂತರದಲ್ಲಿ ತೂಕವೂ ಬರುತ್ತದೆ, ಜೊಂಪೆ ಕಟ್ಟಿ ನೇತುಹಾಕಿದರೆ ಮಳೆಗಾಲದವರೆಗೂ ಗಟ್ಟಿಯಾಗಿರುತ್ತದೆ. ಬಿಳಿ ತಳಿಗೆ ಜಾಗ ಬೇಕು. ಇಕ್ಕಟ್ಟಿನಲ್ಲಿ ಅದು ದಪ್ಪವೂ ಆಗುವುದಿಲ್ಲ, ಗಾಳಿಯಾಡದೆ ಎಲೆಗೆ ಚುಕ್ಕೆ ಬೀಳುತ್ತದೆ. ಜಾಗ ಅತಿಯಾದರೆ ಕುತ್ತಿಗೆ ದಪ್ಪವಾಗಿ, ಒಣಗದೆ, ಇಟ್ಟಲ್ಲೇ ಮೆತ್ತಗಾಗುತ್ತದೆ. ನಮ್ಮಲ್ಲಿ ಚಳಿ ಕಡಿಮೆಯಾದ ವರ್ಷ ಎರಡೂ ಸೊರಗುತ್ತವೆ. ಕಟಾವಿನಲ್ಲಿ ಅಂಚಿನ ಸಾಲುಗಳನ್ನು ಬಿಟ್ಟು ತೂಗಬೇಕು, ಏಕೆಂದರೆ ಅಂಚಿನವಕ್ಕೆ ಬಿಸಿಲು, ಗಾಳಿ, ನೀರು ಎಲ್ಲವೂ ಹೆಚ್ಚು. ಇವೆಲ್ಲವನ್ನೂ ಕಲಿತೆ. ಒಂದು ವರ್ಷ ತಡವಾಗಿ ಕಲಿತೆವು, ಅದು ನನ್ನಿಂದ.

ಆ ವರ್ಷಗಳಲ್ಲೆಲ್ಲ ಚಿಕ್ಕತಾಯಮ್ಮ ನನ್ನ ಕಣ್ಣೆದುರೇ ಕೆಲಸ ಮಾಡಿದಳು. ಮುಂದೆ ಉಳಿದ ಕೂಲಿಯವರ ಜೊತೆ ಆಕೆಯೂ ಖಾಯಂ ಆದಳು. ಜಯಮ್ಮ ಇದ್ದಿದ್ದರೆ ಅವಳೂ ಆಗುತ್ತಿದ್ದಳು. ಅವಳು ಮೊದಲು ಕಬ್ಬು ಕಡಿಯಲು ಹೋದಳು, ಆಮೇಲೆ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಗುಡಿಸುವ ಕೆಲಸಕ್ಕೆ ಸೇರಿ ಬಸ್ಸಿನಲ್ಲಿ ಓಡಾಡುತ್ತಿದ್ದಳು ಎಂದು ಕೇಳಿದೆ. ಓರಗಿತ್ತಿಯರ ಮಾತು ಅಂದೇ ನಿಂತಿತ್ತು. ಹಲಗೆ ಒತ್ತುವಾಗ ಚಿಕ್ಕತಾಯಮ್ಮ ಒಮ್ಮೊಮ್ಮೆ, "ಈ ಅಲ್ಗೆ ಒಂದ್ ವರ್ಸ ಮುಂಚೆ ಬಂದಿದ್ರೆ ಆ ಮೂದೇವಿನೂ ಉಳ್ಕತಿದ್ಲು," ಎನ್ನುತ್ತಿದ್ದಳು. ನಾನು ಬಗ್ಗಿ ಗುಳಿ ನೋಡುತ್ತಿದ್ದೆ.

ನಾಗರಾಜಯ್ಯ ಸಾಹೇಬರು ನಿವೃತ್ತರಾಗಿ, ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಅವರ ಮುಂದೆ ಒಪ್ಪಿಕೊಳ್ಳುವ ಅವಕಾಶ ಹೋಯಿತು. ನಿಜ ಹೇಳಬೇಕೆಂದರೆ ಅಂದು ನನಗೆ ದುಃಖದ ಜೊತೆ ಸ್ವಲ್ಪ ಹಗುರವೂ ಆಯಿತು. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ನಾನೂ ನಿವೃತ್ತನಾದೆ. ಒಂದು ದಿನ ಮಂಡ್ಯದ ಬಸ್ ನಿಲ್ದಾಣದಲ್ಲಿ ಚಿಕ್ಕತಾಯಮ್ಮ ಸಿಕ್ಕಳು. ಆರೋಗ್ಯ, ಮಂಡಿನೋವು ಎಲ್ಲ ಮಾತಾಡಿದ ಮೇಲೆ ಹೇಳಿದಳು: "ಜಯಿ ಮೊಮ್ಮಗಳ್ ಮದ್ವೆ ಆಯ್ತು ಕನಣ್ಣ. ನಮ್ ಗ್ವಾಡೆಗೇ ಚಪ್ರ ಆಕಿದ್ರು. ಮೂರ್ ದಿನ ಓಲ್ಗ. ನನ್ನ ಕರೀಲಿಲ್ಲ. ಕರುದ್ರೂ ಓಯ್ತಿರ್ಲಿಲ್ಲ ಬುಡು."

ಅಂದು ಜ್ವರ ಬಂದಿತ್ತಲ್ಲ, ಆ ಮಗಳ ಮಗಳು. ಮಾತು ಹೇಳಿ ಆಕೆ ಬಸ್ಸಿನ ಬೋರ್ಡು ನೋಡುವವಳಂತೆ ಆಚೆ ತಿರುಗಿಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು.

ಅದಾದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಆ ವಾರವೇ ಮಳವಳ್ಳಿ ಬಸ್ಸು ಹತ್ತಿ ಅವರ ಹಳ್ಳಿಗೆ ಹೋದೆ. ಚಿಕ್ಕತಾಯಮ್ಮ ಜಗಲಿಯ ಮೇಲೆ ಕೂತಿದ್ದಳು. ನೀರು ಕೊಟ್ಟಳು. ಕುಡಿಯದೆ ಎಲ್ಲವನ್ನೂ ಹೇಳಿದೆ: ತೂಬಿನ ಕಟ್ಟೆ, ಜಯಮ್ಮ ಕೂಗಿದ್ದು, ನಾನು ಅಂದದ್ದು, ನಾಲೆಯಲ್ಲಿ ಕಂಡದ್ದು.

"ಅವ್ಳು ನಿಂಗೆ ಕೂಗಿ ಕೇಳಿದ್ದು ದಿಟವಾ?"

"ದಿಟ."

"ನೀನು ಊರು ಅಂದದ್ದೂ ದಿಟವಾ?"

"ದಿಟ ಕಣಮ್ಮ. ನನ್ನನ್ನು ಕ್ಷಮಿಸಿಬಿಡು ಅಂತ ಕೇಳೋಕೆ ಬಂದೆ."

"ನನ್ ಯಾಕ್ ಕೇಳೀಯೆ? ನನ್ ಕೆಲ್ಸ ಓಗ್ಲಿಲ್ವಲ್ಲ," ಎಂದಳು. ಮಂಡಿ ಹಿಡಿದುಕೊಂಡು ಎದ್ದಳು. "ಏಳು. ನಡಿ."

ಪಕ್ಕದ ಮನೆಯ ಹೊಸ್ತಿಲಿಗೆ ಐದಾರು ಮಾರು. ಆಕೆ ಅಲ್ಲಿಗೆ ಹೋಗಿ ಎಷ್ಟು ಕಾಲವಾಗಿತ್ತೋ, ಮೆಟ್ಟಿಲ ಹತ್ತಿರ ನಿಂತು ಒಂದು ಸಲ ಉಸಿರು ತೆಗೆದುಕೊಂಡಳು. ಜಯಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಗುರುತು ಹಿಡಿದಳು. ಕೈ ನಿಲ್ಲಿಸಲಿಲ್ಲ.

"ನಂಗೆ ಯೋಳಿದ್ದ ಇವ್ಳ್ಗೂ ಯೋಳು," ಎಂದಳು ಚಿಕ್ಕತಾಯಮ್ಮ.

ನಿಂತೇ ಹೇಳಿದೆ. ಮೊದಲ ಸಲಕ್ಕಿಂತ ಎರಡನೆಯ ಸಲ ಕಷ್ಟವಾಯಿತು, ಏಕೆಂದರೆ ಅರ್ಧ ವಿಷಯ ಅವಳಿಗೆ ಆಗಲೇ ಗೊತ್ತಿತ್ತು. ಹಗ್ಗ ಒದ್ದೆಯಾಗಿ ಮೋಟಾದದ್ದು ಮಾತ್ರ ಹೊಸದು. ಅದನ್ನು ಕೇಳಿದಾಗ ಅವಳ ಕೈ ಒಂದು ಗಳಿಗೆ ನಿಂತಿತು. ಉಗಿದಿದ್ದರೆ, ಬೈದಿದ್ದರೆ, ಪೊರಕೆ ತೆಗೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ.

ಅವಳು ಮಡಿಲಿನ ಸಿಪ್ಪೆ ಕೊಡವಿ, ತಲೆಯೆತ್ತಿ ನನ್ನನ್ನು ದಾಟಿ ಚಿಕ್ಕತಾಯಮ್ಮನನ್ನು ನೋಡಿದಳು.

"ಇವ್ನು ಯಾರೋ ಸಂಬಳಕ್ಕಿದ್ದೋನು, ಇವನ್ ಸುದ್ದಿ ಬುಡು. ಒಂದೇ ಗದ್ದೆಲಿ ಅಷ್ಟ್ ವರ್ಸ ಪೈರು ನೆಟ್ಟಿದ್ದೊ. ನನ್ ಕೈ ಎಂತದು ಅಂತ ನಿಂಗ್ ಗೊತ್ತಿರ್ಲಿಲ್ವಾ ಅಕ್ಕ?"

ಚಿಕ್ಕತಾಯಮ್ಮ ಗೋಡೆಗೆ ಕೈಯೂರಿ ನಿಂತಳು.

ನಾನು ನನ್ನ ತಪ್ಪನ್ನು ಒಪ್ಪಿಸಿ ಹಗುರವಾಗಲು ಹೋದವನು, ಅದನ್ನು ಒಯ್ದು ಇನ್ನೊಬ್ಬ ಮುದುಕಿಯ ತಲೆಯ ಮೇಲಿಟ್ಟಿದ್ದೆ. ನನಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ. ಕೈ ಮುಗಿದೆ, ಇಬ್ಬರೂ ನೋಡಲಿಲ್ಲ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಜಯಮ್ಮ ಕೂತಲ್ಲೇ ಕೂತಿದ್ದಳು, ಚಿಕ್ಕತಾಯಮ್ಮ ನಿಂತಲ್ಲೇ ನಿಂತಿದ್ದಳು. ಒಳಗೆ ಬಾ ಎಂದು ಇವಳು ಕರೆದಿರಲಿಲ್ಲ. ತಿರುಗಿ ತನ್ನ ಮನೆಗೆ ಅವಳೂ ಹೋಗಿರಲಿಲ್ಲ.